ಬಿಳಿ ಕುದುರೆಗಳ ಗರಡಿಮನೆ

ಜನವರಿ ತಿಂಗಳ ವಿಯೆನ್ನಾದಲ್ಲಿ ನೆಲ ಕಲ್ಲಾಗುತ್ತದೆ. ರಾತ್ರಿ ಬಿದ್ದ ಹಿಮ ಕುದುರೆಯ ಗೊರಸಿನೊಳಗೆ ಮೆತ್ತಿಕೊಂಡು ಉಂಡೆಗಟ್ಟುತ್ತದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಪ್ರಾಣಿ ಮರಗಾಲು ಕಟ್ಟಿಕೊಂಡಂತೆ ತೂರಾಡತೊಡಗುತ್ತದೆ. ಹೆಪ್ಪುಗಟ್ಟಿದ ನೆಲದ ಮೇಲೆ ಓಡಿಸಿದರೆ ಕಾಲು ಕೆಡುತ್ತದೆ. ಓಡಿಸದೆ ಲಾಯದಲ್ಲೇ ಕಟ್ಟಿಹಾಕಿದರೆ ಮೂರು ತಿಂಗಳಲ್ಲಿ ಮೈಯ ಬಿಗಿ ಸಡಿಲಿ, ಕಲಿತ ನಡೆಗಳೆಲ್ಲ ಮಸುಕಾಗಿ, ವಸಂತದಲ್ಲಿ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು. ಮಳೆಗಾಲವೆಂದು ಪೈಲ್ವಾನನೊಬ್ಬ ಸಾಮು ಬಿಟ್ಟು ಕೂತರೆ ಏನಾದೀತೋ ಅದೇ.

ನಮ್ಮ ಪೈಲ್ವಾನರಿಗೆ ಗರಡಿಮನೆಯಿದೆ. ವಿಯೆನ್ನಾದ ದೊರೆಗಳು ಕುದುರೆಗಳಿಗೂ ಒಂದನ್ನು ಕಟ್ಟಿಸಿದರು. ಹೋಫ್‌ಬುರ್ಗ್ ಅರಮನೆಯ ಆವರಣದಲ್ಲಿರುವ ಆ ಕಟ್ಟಡದ ಹೆಸರೇ ‘ವಿಂಟರ್‌ರೈಟ್‌ಶೂಲ’, ಅಂದರೆ ಚಳಿಗಾಲದ ಸವಾರಿ ಶಾಲೆ. ಇಂದು ಲೋಕವೆಲ್ಲ ‘ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್’ ಎಂದು ಕರೆಯುವ ಸಂಸ್ಥೆಯ ಮನೆ ಇದು. ಆಸ್ಟ್ರಿಯದ ಶಾಲೆಗೆ ಸ್ಪೇನಿನ ಹೆಸರು ಬಂದದ್ದು ಕುದುರೆಗಳಿಂದ. ಹದಿನಾರನೆಯ ಶತಮಾನದಲ್ಲಿ ಸ್ಪೇನನ್ನೂ ಆಸ್ಟ್ರಿಯವನ್ನೂ ಆಳುತ್ತಿದ್ದುದು ಹ್ಯಾಬ್ಸ್‌ಬರ್ಗ್ ಎಂಬ ಒಂದೇ ಮನೆತನ. ಆಗ ಯುರೋಪಿನಲ್ಲಿ ಅತ್ಯಂತ ಬೆಲೆಬಾಳುತ್ತಿದ್ದ ಸ್ಪ್ಯಾನಿಷ್ ಕುದುರೆ ಆ ನಂಟಿನ ದಾರಿಯಲ್ಲೇ ವಿಯೆನ್ನಾಕ್ಕೆ ಬಂತು. ಅರಮನೆಯ ಬಳಿ ಬಯಲು ಸವಾರಿ ಅಂಗಳವೊಂದರ ಉಲ್ಲೇಖ 1565ರ ಕಾಗದಪತ್ರದಲ್ಲಿದೆ. 1580ರಲ್ಲಿ ಆರ್ಚ್‌ಡ್ಯೂಕ್ ಚಾರ್ಲ್ಸ್, ಈಗ ಸ್ಲೊವೇನಿಯಕ್ಕೆ ಸೇರಿದ ಲಿಪಿಜ್ಜಾ ಎಂಬ ಕಲ್ಲುನೆಲದ ಊರಿನಲ್ಲಿ ತಳಿ ಕೇಂದ್ರವನ್ನು ತೆರೆದ. ಅಲ್ಲಿ ಹುಟ್ಟಿದ ಕುದುರೆಗಳು ಲಿಪಿಜ್ಜಾನ್ ಎಂದಾದವು.

ಭದ್ರವಾದ ಮಾಡು ಸಿಗುವುದಕ್ಕೆ ಮಾತ್ರ ಹದಿನೆಂಟನೆಯ ಶತಮಾನವೇ ಬರಬೇಕಾಯಿತು. ಅದಕ್ಕೆ ಮುಂಚೆ ಇದ್ದದ್ದು ಮರದ ಕಟ್ಟೋಣ. ಚಕ್ರವರ್ತಿ ಆರನೆಯ ಚಾರ್ಲ್ಸ್ ಹೇಳಿ, ಯೋಸೆಫ್ ಇಮ್ಯಾನುಯೆಲ್ ಫಿಷರ್ ಫಾನ್ ಎರ್ಲಾಖ್ ಕಟ್ಟಿದ ಸಭಾಂಗಣ 1729ರಿಂದ 1735ರವರೆಗೆ ಮೇಲೆದ್ದಿತು. ಉದ್ದ 55 ಮೀಟರ್, ಅಗಲ 18 ಮೀಟರ್. ಮೇಲ್ಗಡೆ ಪ್ರೇಕ್ಷಕರ ಪಡಸಾಲೆಯನ್ನು ಹೊತ್ತ 46 ಕಂಬ, ಚಾವಣಿಯಿಂದ ಇಳಿಬಿದ್ದ ಗಾಜಿನ ತೂಗುದೀಪಗಳು, ಎಲ್ಲೆಲ್ಲೂ ಬಿಳಿ ಸುಣ್ಣದ ಕುಸುರಿ. ದೇವಸ್ಥಾನದ ನವರಂಗದಲ್ಲಿ ಮರಳು ಸುರಿದು ಕುದುರೆ ಬಿಟ್ಟಂತೆ ಕಾಣುತ್ತದೆ. ಒಂದು ತುದಿಯಲ್ಲಿ ಕುದುರೆಯೇರಿದ ಚಾರ್ಲ್ಸನ ದೊಡ್ಡ ಚಿತ್ರವಿದೆ. ಒಳಗೆ ಬರುವ ಸವಾರ ಇವತ್ತಿಗೂ ಟೋಪಿ ತೆಗೆದು ಆ ಚಿತ್ರಕ್ಕೆ ವಂದಿಸುತ್ತಾನೆ. ಸಾಮ್ರಾಜ್ಯ ಹೋಗಿ ನೂರು ವರ್ಷ ದಾಟಿತು. ನಮಸ್ಕಾರ ಮಾತ್ರ ಉಳಿದಿದೆ, ಗರಡಿಗೆ ಕಾಲಿಡುವಾಗ ಹನುಮಪ್ಪನಿಗೆ ಕೈಮುಗಿಯುವ ಹಾಗೆ.

ಕಟ್ಟಡ ಏಳುತ್ತಿದ್ದ ಆ ದಿನಗಳಲ್ಲೇ ಕುದುರೆ ಕಲಿಸುವ ವಿದ್ಯೆಯೂ ಹೊರಳುದಾರಿಯಲ್ಲಿತ್ತು. ಅದಕ್ಕೆ ಹಿಂದಿನದು ಹೊಡೆದು ಬಡಿದು ಕಲಿಸುವ ಕಾಲ. ನೇಪಲ್ಸಿನ ಫೆಡೆರಿಕೊ ಗ್ರಿಸೋನೆ 1550ರಲ್ಲಿ ಬರೆದ ಪುಸ್ತಕ ಯುರೋಪಿನ ಸವಾರರಿಗೆಲ್ಲ ಪಠ್ಯವಾಗಿತ್ತು. ಮುಂದಕ್ಕೆ ಹೋಗಲೊಲ್ಲದ ಕುದುರೆಯ ಹೊಟ್ಟೆಯಡಿಗೆ ಕೋಲಿಗೆ ಕಟ್ಟಿದ ಬೆಕ್ಕನ್ನು ಹಿಡಿಯಬೇಕೆಂಬ ಸಲಹೆಯೂ ಅದರಲ್ಲಿದೆ. ಬೆಕ್ಕಿನ ಗತಿ ಏನಾಯಿತೆಂದು ಯಾರೂ ಕೇಳಿದಂತಿಲ್ಲ. ಫ್ರಾನ್ಸಿನಲ್ಲಿ ಹದಿಮೂರನೆಯ ಲೂಯಿಗೆ ಸವಾರಿ ಕಲಿಸಿದ ಆಂತ್ವಾನ್ ಪ್ಲುವಿನೆಲ್ ಇನ್ನೊಂದು ದಾರಿ ಹಿಡಿದ. ಎರಡು ಕಂಬಗಳ ನಡುವೆ ಕುದುರೆಯನ್ನು ಸಡಿಲವಾಗಿ ಕಟ್ಟಿ, ಪುಸಲಾಯಿಸಿ, ನಿಂತಲ್ಲೇ ಹೆಜ್ಜೆಯೆತ್ತುವುದನ್ನು ಕಲಿಸಿದ. ಅಂಥ ಜೋಡಿ ಕಂಬಗಳು ವಿಯೆನ್ನಾದ ಶಾಲೆಯ ನಡುಮಧ್ಯೆ ಈಗಲೂ ಇವೆ. ಕೊನೆಗೆ ಫ್ರಾನ್ಸ್ವಾ ರೊಬಿಶೋ ದ ಲಾ ಗೆರಿನಿಯೇರ್. ಅವನ ಸಚಿತ್ರ ಗ್ರಂಥದ ದೊಡ್ಡ ಆವೃತ್ತಿ ಹೊರಬಂದದ್ದು 1733ರಲ್ಲಿ, ಇತ್ತ ವಿಯೆನ್ನಾದಲ್ಲಿ ಗಾರೆ ಒಣಗುತ್ತಿದ್ದಾಗ. ಕುದುರೆಯ ಭುಜವನ್ನು ತುಸು ಒಳಕ್ಕೆ ತಂದು ಓರೆಯಾಗಿ ನಡೆಸುವ ಅಭ್ಯಾಸ ಅವನದು. ನೋಡುವವರಿಗೆ ಅದರಲ್ಲಿ ಏನೂ ಕಾಣದು. ಆದರೆ ಕುದುರೆಯ ಹಿಂಗಾಲು ಹೊಟ್ಟೆಯಡಿಗೆ ಬಂದು ಭಾರ ಹೊರುವುದನ್ನು ಕಲಿಯುವುದು ಆ ಓರೆ ನಡಿಗೆಯಲ್ಲೇ, ಮತ್ತು ಮುಂದಿನ ವಿದ್ಯೆಯೆಲ್ಲ ನಿಂತಿರುವುದು ಆ ಹಿಂಗಾಲಿನ ಮೇಲೆ.

ಶಾಲೆಯ ವಾರ ಮಂಗಳವಾರ ಶುರುವಾಗುತ್ತದೆ. ಸೋಮವಾರ ಕುದುರೆಗಳಿಗೆ ರಜೆ. ಮಂಗಳವಾರದಿಂದ ಶುಕ್ರವಾರದವರೆಗೆ ಬೆಳಗಿನ ಕೆಲಸ, ವಾರದ ಕೊನೆಗೆ ಪ್ರದರ್ಶನ ಎಂಬುದು ಬಹುಕಾಲದ ರೂಢಿ. ಬೆಳಗಿನ ಕೆಲಸದಲ್ಲಿ ಒಂದು ತಂಡ ಒಳಗೆ ಬರುತ್ತದೆ, ಅರ್ಧ ಮುಕ್ಕಾಲು ಗಂಟೆ ದುಡಿಯುತ್ತದೆ, ಹೊರಡುತ್ತದೆ. ಇನ್ನೊಂದು ತಂಡ ಬರುತ್ತದೆ. ಸವಾರ ಒಂದು ಕುದುರೆಯಿಂದ ಇಳಿದು ಮತ್ತೊಂದನ್ನು ಏರುತ್ತಾನೆ. ಒಬ್ಬನ ಪಾಲಿಗೆ ಹಲವು ಕುದುರೆಗಳಿರುತ್ತವೆ: ಮೊನ್ನೆ ಮೊನ್ನೆ ಜೀನಿಗೆ ಒಗ್ಗಿದ ಮರಿ, ಅರ್ಧ ಕಲಿತ ಹಟಮಾರಿ, ಎಲ್ಲವನ್ನೂ ಕಲಿತು ಕೂತ ಹಿರಿಯ. ಮೊದಲನೆಯದರ ಮೇಲೆ ಕೂತಾಗಿನ ಕೈ ಮೂರನೆಯದಕ್ಕೆ ಒರಟಾದೀತು, ಮೂರನೆಯದರ ಸೂಕ್ಷ್ಮ ಸನ್ನೆ ಮೊದಲನೆಯದಕ್ಕೆ ಕೇಳಿಸಲಿಕ್ಕಿಲ್ಲ. ಅಷ್ಟು ಹೊತ್ತಿನಲ್ಲಿ ಅಷ್ಟು ಸಲ ಕೈ ಬದಲಿಸುವುದೇ ಈ ಕಸುಬಿನ ಕಷ್ಟ.

ಜೀನಿಗೆ ಒಗ್ಗುತ್ತಿರುವ ಆ ಮರಿಯನ್ನು ಕರಿಯ ಮರಿ ಎನ್ನಬೇಕು. ಲಿಪಿಜ್ಜಾನ್ ಕುದುರೆ ಹುಟ್ಟುವಾಗ ಕಪ್ಪೋ ಕಂದೋ ಇರುತ್ತದೆ. ವರ್ಷ ವರ್ಷ ಕೂದಲು ನರೆತು ಆರರಿಂದ ಹತ್ತು ವರ್ಷಕ್ಕೆ ಬಿಳಿಯಾಗುತ್ತದೆ. ಅಪರೂಪಕ್ಕೆ ಒಂದು ಕೊನೆತನಕ ಕಂದಾಗಿಯೇ ಉಳಿಯುವುದುಂಟು. ಅಂಥದೊಂದನ್ನು ಶಾಲೆಯಲ್ಲಿ ಇಟ್ಟುಕೊಂಡರೆ ಶುಭವೆಂಬ ನಂಬಿಕೆ ಅವರದು. ದೃಷ್ಟಿಬೊಟ್ಟು ಎಂದುಕೊಂಡರೆ ನಮಗೆ ಅರ್ಥವಾದೀತು. ಹೆಸರಿನ ಲೆಕ್ಕವೂ ಸೊಗಸಾಗಿದೆ. ಪ್ಲೂಟೊ, ಕಾನ್ವರ್ಸಾನೊ, ಫಾವೊರಿ, ನೆಪೊಲಿಟಾನೊ, ಸಿಗ್ಲಾವಿ, ಮಯೆಸ್ಟೋಸೊ ಎಂಬ ಆರು ಮೂಲಪುರುಷರ ವಂಶಗಳು. ಪ್ರತಿ ಗಂಡು ಕುದುರೆಗೆ ಮೊದಲು ತಂದೆಯ ವಂಶದ ಹೆಸರು, ಅದರ ಮುಂದೆ ತಾಯಿಯ ಹೆಸರು: ಪ್ಲೂಟೊ ತಿಯೋಡೊರೊಸ್ಟಾ, ನೆಪೊಲಿಟಾನೊ ಆಫ್ರಿಕಾ. ಅವ್ವನ ಹೆಸರು ಬಿಟ್ಟು ಅಪ್ಪನ ಇನಿಷಿಯಲ್ ಒಂದನ್ನೇ ಹಚ್ಚಿಕೊಳ್ಳುವ ನಮಗಿಂತ ಕುದುರೆಗಳೇ ನ್ಯಾಯವಂತರು.

ನಾಲ್ಕು ವರ್ಷ ತುಂಬುವ ಹೊತ್ತಿಗೆ ಮರಿ ವಿಯೆನ್ನಾಕ್ಕೆ ಬರುತ್ತದೆ. ಮೊದಲ ವರ್ಷ ನೇರವಾಗಿ, ನಿರುಮ್ಮಳವಾಗಿ ಮುಂದಕ್ಕೆ ನಡೆಯುವುದಷ್ಟೇ ಪಾಠ. ಆಮೇಲೆ ತಿರುವು, ಓರೆ ನಡೆ, ಸಮತೋಲ. ನಂತರ ‘ಹೈಸ್ಕೂಲು’: ನಿಂತಲ್ಲೇ ತಾಳಕ್ಕೆ ಹೆಜ್ಜೆಯೆತ್ತುವ ಪಿಯಾಫ್, ತೇಲಿದಂತೆ ಸಾಗುವ ಪ್ಯಾಸೇಜ್. ಎಲ್ಲ ಸೇರಿ ಸುಮಾರು ಆರು ವರ್ಷ. ಅದಾದ ಮೇಲೂ ಕೆಲವಕ್ಕೆ ಮಾತ್ರ ನೆಲ ಬಿಟ್ಟೇಳುವ ವಿದ್ಯೆ ದಕ್ಕುತ್ತದೆ. ಲೆವಾಡ್ ಎಂದರೆ ಹಿಂಗಾಲು ಮಡಿಸಿ ಕೂತಂತೆ ಮಾಡಿ ಮುಂಗಾಲೆತ್ತಿ ನಿಲ್ಲುವುದು, ಅರಸರ ಪ್ರತಿಮೆಯಡಿಯ ಕುದುರೆಯ ಹಾಗೆ. ಕುರ್ಬೆಟ್ ಎಂದರೆ ಹಿಂಗಾಲ ಮೇಲೇ ಕುಪ್ಪಳಿಸುತ್ತ ಮುಂದೆ ಹೋಗುವುದು. ಕಾಪ್ರಿಯೋಲ್‌ನಲ್ಲಿ ನಾಲ್ಕೂ ಕಾಲು ಗಾಳಿಯಲ್ಲಿ. ಮೇಲಿದ್ದಾಗಲೇ ಹಿಂಗಾಲು ಝಾಡಿಸಿ ಒದೆಯುತ್ತದೆ. ಇವು ರಣರಂಗದ ಪಟ್ಟುಗಳು ಎಂದು ಪ್ರವಾಸಿಗಳಿಗೆ ಹೇಳುವುದು ವಾಡಿಕೆ. ನಂಬುವುದು ಕಷ್ಟ: ಕಾಳಗದ ನಡುವೆ ಹೊಟ್ಟೆ ತೋರಿಸಿ ನಿಲ್ಲುವ ಕುದುರೆ ಎಷ್ಟು ಹೊತ್ತು ಬದುಕೀತು?

ಸವಾರನ ಕಲಿಕೆ ಇನ್ನೂ ನಿಧಾನ. ಹೊಸಬನನ್ನು ‘ಎಲೆವ್’ ಎನ್ನುತ್ತಾರೆ. ಅವನಿಗೆ ರಿಕಾಬು ಇಲ್ಲ, ಲಗಾಮು ಇಲ್ಲ. ಉದ್ದ ಹಗ್ಗ ಹಿಡಿದ ಗುರುವಿನ ಸುತ್ತ ಕುದುರೆ ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಬೆನ್ನ ಮೇಲೆ ಸುಮ್ಮನೆ, ನೆಟ್ಟಗೆ ಕೂರುವುದನ್ನು ಅವನು ತಿಂಗಳುಗಟ್ಟಲೆ ಕಲಿಯಬೇಕು. ಆಗ ಅವನಿಗೆ ಕೊಡುವುದು ಎಲ್ಲ ಬಲ್ಲ ಮುದಿ ಕುದುರೆಯನ್ನು. ತಪ್ಪು ಸನ್ನೆ ಕೊಟ್ಟರೆ ಅದು ಕಿವಿ ಹಿಂದಕ್ಕೆ ಮಾಡಿ ನಿಂತುಬಿಡುತ್ತದೆ, ಸರಿ ಕೊಟ್ಟರೆ ಮಾಡಿ ತೋರಿಸುತ್ತದೆ. ಹೀಗೆ ಹಳೆ ಕುದುರೆ ಹೊಸ ಸವಾರನನ್ನು ತಿದ್ದುತ್ತದೆ. ವರ್ಷಗಳ ಮೇಲೆ ಆ ಸವಾರ ಹೊಸ ಕುದುರೆಯನ್ನು ತಿದ್ದಿ ‘ಬೆರೈಟರ್’ ಆಗುತ್ತಾನೆ. ಒಂದು ಕುದುರೆಯನ್ನಾದರೂ ಮೊದಲಿನಿಂದ ಕೊನೆತನಕ ತಾನೇ ಕಲಿಸಿ ಪ್ರದರ್ಶನಕ್ಕೆ ತಂದ ಹೊರತು ಆ ಪದವಿ ಇಲ್ಲ. ಈ ವಿದ್ಯೆ ಶತಮಾನಗಳ ಕಾಲ ಬಾಯಿಂದ ಬಾಯಿಗೇ ಬಂತು. ಹೋಲ್ಬೈನ್ ಮತ್ತು ಮೈಕ್ಸ್‌ನರ್ ಎಂಬ ಶಾಲೆಯ ಇಬ್ಬರು ಹಿರಿಯರು 1898ರಲ್ಲಿ ನಿಯಮಗಳನ್ನು ಬರಹಕ್ಕಿಳಿಸಿದಾಗಲೂ ಅದು ಕೆಲವೇ ಪುಟದ ಪುಸ್ತಿಕೆಯಾಯಿತು. ಉಳಿದದ್ದು ಬರೆಯುವಂಥದಾಗಿರಲಿಲ್ಲ.

ಸವಾರನ ಉಡುಪಿನಲ್ಲಿ ಒಂದು ಗುಟ್ಟಿದೆ. ಕಂದು ಬಣ್ಣದ ಉದ್ದ ಕೋಟು, ಬಿಳಿ ಚರ್ಮದ ಷರಾಯಿ, ಮೊಣಕಾಲು ಮೀರಿದ ಬೂಟು, ಎರಡು ಮೂಲೆಯ ಟೋಪಿ: ಎಲ್ಲ ನೆಪೋಲಿಯನ್ ಕಾಲದ ಗತ್ತು. ಆ ಕೋಟಿನ ಹಿಂದಿನ ಬಾಲದ ಒಳಮಡಿಕೆಯಲ್ಲಿ ಒಂದು ಪುಟ್ಟ ಜೇಬು. ಅದರೊಳಗೆ ಸಕ್ಕರೆ. ಕುದುರೆ ಪಾಠ ಒಪ್ಪಿಸಿದ ಕೂಡಲೇ ಸವಾರನ ಕೈ ಬೆನ್ನ ಹಿಂದೆ ಹೋಗಿ, ಏನೂ ಆಗಿಲ್ಲವೆಂಬಂತೆ ಕುದುರೆಯ ಬಾಯಿಗೆ ಬರುತ್ತದೆ. ಕೈಯಲ್ಲಿರುವ ಚಾವಟಿ ಚರ್ಮದ್ದಲ್ಲ, ಬರ್ಚ್ ಮರದ ಸೀದಾ ರೆಂಬೆ. ಗ್ರಿಸೋನೆಯ ಬೆಕ್ಕಿನಿಂದ ಈ ಸಕ್ಕರೆ ಜೇಬಿನವರೆಗಿನ ದಾರಿಯೇ ಈ ವಿದ್ಯೆಯ ನಿಜವಾದ ಚರಿತ್ರೆ ಎನ್ನಬಹುದು.

ಇಷ್ಟು ದೊಡ್ಡ ಸೂರು ಬರೀ ಕುದುರೆಗೇ ಸಾಲದಾಯಿತು. 1743ರ ಜನವರಿ 2ರಂದು ರಾಣಿ ಮರಿಯಾ ತೆರೇಸಾ ತಾನೇ ಮುಂದಾಳಾಗಿ ಇಲ್ಲಿ ಹೆಂಗಸರ ಸವಾರಿ ಮೇಳ ನಡೆಸಿದಳು. 1814ರ ವಿಯೆನ್ನಾ ಸಮ್ಮೇಳನಕ್ಕೆ ಬಂದ ಅರಸರು ಇಲ್ಲೇ ಕೂತು ಮೋಜು ನೋಡಿದರು. ಎಲ್ಲಕ್ಕಿಂತ ವಿಚಿತ್ರ 1848ರ ಬೇಸಿಗೆ. ಕ್ರಾಂತಿ ಎದ್ದು ಚಕ್ರವರ್ತಿ ಇನ್ಸ್‌ಬ್ರುಕ್‌ಗೆ ಓಡಿಹೋದ ಮೇಲೆ, ಚುನಾಯಿತರಾದ ಆಸ್ಟ್ರಿಯದ ಪ್ರತಿನಿಧಿಗಳಿಗೆ ಕೂರಲು ಇದಕ್ಕಿಂತ ದೊಡ್ಡ ಜಾಗ ಸಿಗಲಿಲ್ಲ. ಮರಳಿನ ಮೇಲೆ ಬೆಂಚುಗಳು ಬಂದವು. ರೈತನ ಮಗನಾದ ತರುಣ ಸದಸ್ಯ ಹಾನ್ಸ್ ಕುಡ್ಲಿಖ್ ಆ ಜುಲೈಯಲ್ಲಿ ಇಲ್ಲಿ ಎದ್ದುನಿಂತು, ರೈತರನ್ನು ಜಮೀನುದಾರರ ಬಿಟ್ಟಿಚಾಕರಿಯಿಂದ ಬಿಡಿಸಬೇಕೆಂದು ಕೇಳಿದ. ಸೆಪ್ಟೆಂಬರ್ 7ಕ್ಕೆ ಅದು ಕಾನೂನಾಯಿತು.

ಮುಂದಿನ ಹೊಡೆತ 1918ರದು, ಮೊದಲ ಮಹಾಯುದ್ಧದ ಕೊನೆಯದು. ಆ ವರ್ಷದ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಸವಾರರು ಕಾರ್ಮೆಲ್ ಬೆಟ್ಟ ಹತ್ತಿದಾಗ ಎದುರಿಗೆ ತುರ್ಕರ ಜೊತೆ ತೋಪು ಹೂಡಿದ್ದವರಲ್ಲಿ ಆಸ್ಟ್ರಿಯದ ಗೋಲಂದಾಜರೂ ಇದ್ದರು. ಭಾಲೆ ಹಿಡಿದ ಕುದುರೆ ಸವಾರರು ಒಂದು ಕೋಟೆಯೂರನ್ನು ಗೆದ್ದ ಕೊನೆಯ ಕಾಳಗಗಳಲ್ಲಿ ಅದೊಂದು. ಎರಡು ತಿಂಗಳಾಗುವುದರೊಳಗೆ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯವೇ ಇರಲಿಲ್ಲ. ಲಿಪಿಜ್ಜಾ ಇಟಲಿಯ ಪಾಲಾಯಿತು, ಕುದುರೆ ಮಂದೆ ಹಂಚಿಹೋಯಿತು. ಆಸ್ಟ್ರಿಯದ ಪಾಲಿನವು 1920ರಲ್ಲಿ ಪೀಬರ್ ಎಂಬ ಹಳ್ಳಿ ಸೇರಿದವು. ಇಂದಿಗೂ ಶಾಲೆಯ ಮರಿಗಳು ಅಲ್ಲಿಂದಲೇ ಬರುತ್ತವೆ. ಯಾವ ಅರಸನೂ ಇಲ್ಲದ ದೇಶಕ್ಕೆ ಅರಮನೆಯ ಕುದುರೆ ಏಕೆ ಎಂಬ ಪ್ರಶ್ನೆ ಎದ್ದಾಗ ಶಾಲೆ ಟಿಕೆಟ್ ಮಾರಿ ಹೊಟ್ಟೆ ಹೊರೆದುಕೊಂಡಿತು.

1939ರಲ್ಲಿ ಮುಖ್ಯಸ್ಥರಾದ ಅಲೋಯಿಸ್ ಪೊಢಾಯ್‌ಸ್ಕಿ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನೀರೋ ಎಂಬ ಕುದುರೆಯ ಮೇಲೆ ಕಂಚು ಗೆದ್ದವರು. 1945ರ ಆರಂಭದಲ್ಲಿ ವಿಯೆನ್ನಾದ ಮೇಲೆ ಬಾಂಬು ಬೀಳುತ್ತಿದ್ದಾಗ ಅವರು ಗಂಡು ಕುದುರೆಗಳನ್ನು ರೈಲಿಗೆ ಹತ್ತಿಸಿ ಸಂಕ್ಟ್ ಮಾರ್ಟಿನ್ ಎಂಬ ಊರಿಗೆ ಸಾಗಿಸಿದರು. ಹೆಣ್ಣು ಕುದುರೆಗಳೂ ಮರಿಗಳೂ ಬೊಹೀಮಿಯದ ಹೋಸ್ಟೌನಲ್ಲಿ ಜರ್ಮನ್ ಸೈನ್ಯದ ವಶದಲ್ಲಿದ್ದವು. ಸೋವಿಯತ್ ಸೈನ್ಯ ಹತ್ತಿರವಾಗುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಅಶ್ವದಳದ ತುಕಡಿಯೊಂದು, ಅಲ್ಲಿದ್ದ ಜರ್ಮನರ ಒಪ್ಪಿಗೆಯಿಂದಲೇ, ಊರನ್ನು ಹಿಡಿದು ಅವನ್ನು ಕಾಪಾಡಿತು. ಮೇ 7ರಂದು ಪೊಢಾಯ್‌ಸ್ಕಿ ಸಂಕ್ಟ್ ಮಾರ್ಟಿನ್‌ನಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಎದುರು ಪ್ರದರ್ಶನ ಕೊಟ್ಟು, ಕೊನೆಗೆ ಟೋಪಿ ತೆಗೆದು ಆಶ್ರಯ ಬೇಡಿದರು. ಪ್ಯಾಟನ್ ಕೂಡ ಕುದುರೆಯವನೇ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದವನು. ಜಗತ್ತು ಸುಡುತ್ತಿರುವಾಗ ಗಟ್ಟಿಮುಟ್ಟಾದ ಗಂಡಸರು ಕುದುರೆ ಕುಣಿಸುತ್ತ ಕೂತಿದ್ದಾರಲ್ಲ ಎಂದು ದಿನಚರಿಯಲ್ಲಿ ಸೋಜಿಗಪಟ್ಟ. ಆದರೂ ಆಶ್ರಯ ಕೊಟ್ಟ. ಶಾಲೆ ವಿಯೆನ್ನಾದ ತನ್ನ ಸೂರಿನಡಿಗೆ ಮರಳಿದ್ದು ಹತ್ತು ವರ್ಷದ ಮೇಲೆ, 1955ರಲ್ಲಿ.

1992ರ ನವೆಂಬರ್ ಕೊನೆಯ ಒಂದು ರಾತ್ರಿ ಪಕ್ಕದ ರೆಡೌಟ್ ಸಭಾಂಗಣಕ್ಕೆ ಬೆಂಕಿ ಬಿತ್ತು. ಲಾಯದಿಂದ ಕುದುರೆಗಳನ್ನು ಬಿಡಿಸಿ ಹತ್ತಿರದ ಉದ್ಯಾನಕ್ಕೆ ನಡೆಸಿದರು. ಸಿಬ್ಬಂದಿ ಸಾಲದೆ ದಾರಿಹೋಕರೂ ಒಂದೊಂದು ಕುದುರೆಯ ಹಗ್ಗ ಹಿಡಿದು ನಿಂತರು. ಶಾಲೆಯ ಕಂಬಗಳು ಉಳಿದವು. ಮುರಿದದ್ದು ಒಂದು ಹಳೆಯ ರೂಢಿ: ಗಂಡಸರ ಕೋಟೆಯಾಗಿದ್ದ ಎಲೆವ್ ಸಾಲಿಗೆ 2008ರಲ್ಲಿ ಮೊದಲ ಸಲ ಇಬ್ಬರು ಹುಡುಗಿಯರು ಸೇರಿದರು.

ಶನಿವಾರ ಭಾನುವಾರದ ಪ್ರದರ್ಶನಕ್ಕಿಂತ ನೋಡಬೇಕಾದ್ದು ಬೆಳಗಿನ ಕೆಲಸ. ಅಲ್ಲಿ ಕಾಪ್ರಿಯೋಲ್ ಕಾಣಸಿಗುವುದು ಅಪರೂಪ. ಒಂದು ಬೂದು ಬಣ್ಣದ ಮರಿ ಮೂಲೆಯಲ್ಲಿ ಬೆದರಿ ಅಡ್ಡ ಹಾರುತ್ತದೆ. ಸವಾರ ಗದರದೆ ಅದನ್ನು ಅದೇ ಮೂಲೆಗೆ ಮತ್ತೆ ತರುತ್ತಾನೆ, ಮತ್ತೆ, ಇನ್ನೊಮ್ಮೆ. ನಾಲ್ಕನೆಯ ಸಲಕ್ಕೆ ಅದು ಸುಮ್ಮನೆ ದಾಟಿಹೋಗುತ್ತದೆ. ಅವನು ಲಗಾಮು ಸಡಿಲ ಬಿಟ್ಟು ಕುತ್ತಿಗೆ ತಟ್ಟುತ್ತಾನೆ. ಬಾಗಿಲಾಚೆ ಜೀನಿನ ಪಟ್ಟಿ ಬಿಚ್ಚಿದಾಗ ಬೆನ್ನಿನಿಂದ ಹಬೆಯೇಳುತ್ತದೆ. ಕಾಸದಾರ ಕಂಬಳಿ ಹೊದಿಸಿ ಓಣಿಯಾಚೆಯ ಲಾಯದ ಕಡೆ ನಡೆಸುತ್ತಾನೆ. ಓಣಿಯಲ್ಲಿ ಹಿಮ ಬೀಳುತ್ತಿದೆ. ಅವರು ದಾಟುವವರೆಗೆ ಗಾಡಿಗಳು ನಿಂತಿರುತ್ತವೆ.