ಕೆಳಗೆ ಓಡಿಹೋದ ಒಂದು ಸಾಲು

ಯಾದಗಿರಿಯ ರಾಮಸಮುದ್ರಕ್ಕೆ ಹೋಗಿದ್ದೆ. ಮೈದಾನದಲ್ಲಿ ಹ್ಯಾಂಡ್‌ಬಾಲ್ ಆಡ್ತಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ನಮ್ಮ ಆಟ ಟಿವ್ಯಾಗ ಯಾಕ ತೋರ್ಸಂಗಿಲ್ರಿ?"

ಏನಂತ ಹೇಳಲಿ? 2022ರ ಮಾರ್ಚ್‌ನಲ್ಲಿ ಕಝಾಕಿಸ್ತಾನದ ಅಲ್ಮಾಟಿಯಲ್ಲಿ ಭಾರತದ ಜೂನಿಯರ್ ಹುಡುಗಿಯರು ಥಾಯ್ಲೆಂಡನ್ನು 41-18ರಿಂದ ಸೋಲಿಸಿ ಏಷ್ಯಾ ಚಾಂಪಿಯನ್ ಆದರು. ನನ್ನ ಬುಲೆಟಿನ್‌ನಲ್ಲಿ ಅದು ಪರದೆಯ ಕೆಳಗೆ ಓಡುವ ಒಂದು ಸಾಲು, ಅಷ್ಟೇ.

ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1957ರಲ್ಲಿ. ಒಲಿಂಪಿಕ್ಸ್‌ಗೆ ಬಂದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಮೊದಲೆರಡು ಚಿನ್ನ ಸೋವಿಯತ್ ಒಕ್ಕೂಟಕ್ಕೆ. ಇದು ಯುರೋಪಿನವರ ಆಟ ಅಂತ ಎಲ್ಲರೂ ನಂಬಿದ್ದಾಗ ದಕ್ಷಿಣ ಕೊರಿಯಾದ ಹೆಣ್ಣುಮಕ್ಕಳು 1988, 1992ರ ಚಿನ್ನ ತಂದರು. 1995ರಲ್ಲಿ ವಿಶ್ವ ಚಾಂಪಿಯನ್ನರೂ ಆದರು. 2004ರ ಅಥೆನ್ಸ್ ಫೈನಲ್‌ನಲ್ಲಿ ಡೆನ್ಮಾರ್ಕ್ ಎದುರು ಎರಡು ಸಲ ಹೆಚ್ಚುವರಿ ಸಮಯ ಆಡಿದರೂ 34-34 ಸಮ. ಕೊನೆಗೆ ಪೆನಾಲ್ಟಿಯಲ್ಲಿ ಸೋತರು. ಆ ಸೋಲಿನ ಮೇಲೆ 2008ರಲ್ಲಿ ಕೊರಿಯಾದಲ್ಲಿ ಸಿನಿಮಾನೇ ಬಂತು!

ನೋಡಿ, ಅವರು ಸೋತವರನ್ನೂ ನೆನಪಿಟ್ಟುಕೊಂಡರು. ನಾವು ಗೆದ್ದವರನ್ನೇ ಮರೆತೆವು. ಮರೆಸಿದವರಲ್ಲಿ ನಾನೂ ಒಬ್ಬ.

"ತೋರಿಸ್ತೀವಿ ತಂಗಿ" ಅಂದು ಬಂದೆ. ಇನ್ನೂ ತೋರಿಸಿಲ್ಲ.