ಕೃಷಿ ಯಂತ್ರೋಪಕರಣಗಳ ಮೌಲ್ಯಮಾಪನ: ತೆರಿಗೆ, ಸಾಲ ಹಾಗೂ ವಾರಸಾ ಹಂಚಿಕೆಯ ಬಗ್ಗೆ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ರೈತರಿಗೆ ಮಾಹಿತಿ

1. ಪೀಠಿಕೆ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಎರೆಭೂಮಿಯಲ್ಲಿ ಕಡಲೆ, ಬಿಳಿಜೋಳ, ಹೆಸರು, ಹತ್ತಿ, ಮೆಕ್ಕೆಜೋಳ ಮತ್ತು ಈರುಳ್ಳಿ ಪ್ರಮುಖ ಬೆಳೆಗಳಾಗಿವೆ. ಉಳುಮೆಯಿಂದ ರಾಶಿಯವರೆಗಿನ ಬಹುತೇಕ ಕೆಲಸಗಳು ಇಂದು ಯಂತ್ರಗಳಿಂದಲೇ ನಡೆಯುತ್ತಿವೆ. ಅನೇಕ ಕುಟುಂಬಗಳಲ್ಲಿ ಜಮೀನು ಮತ್ತು ಮನೆಯ ನಂತರದ ದೊಡ್ಡ ಆಸ್ತಿಯೆಂದರೆ ಟ್ರ್ಯಾಕ್ಟರ್. ಆದರೂ ಜಮೀನಿನ ಪಹಣಿಯನ್ನು ಜೋಪಾನ ಮಾಡುವಂತೆ ಯಂತ್ರದ ದಾಖಲೆಗಳನ್ನು ಕಾಯ್ದಿಡುವುದು ಕಡಿಮೆ. ಸಾಲ, ವಿಮೆ, ಆದಾಯ ತೆರಿಗೆ ಅಥವಾ ಅಣ್ಣತಮ್ಮಂದಿರ ಹಿಸ್ಸೆಯ ಪ್ರಶ್ನೆ ಬಂದಾಗ ಯಂತ್ರದ ಬೆಲೆಯ ಬಗ್ಗೆ ತಕರಾರು ಉಂಟಾಗುತ್ತದೆ. ಈ ಬಗ್ಗೆ ಸಾರ್ವಜನಿಕರಿಗೆ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

2. ಉದ್ದೇಶಕ್ಕೆ ತಕ್ಕಂತೆ ಮೌಲ್ಯ

ಒಂದೇ ಯಂತ್ರಕ್ಕೆ ಒಂದೇ ದಿನ ಒಂದಕ್ಕಿಂತ ಹೆಚ್ಚು ಮೌಲ್ಯಗಳಿರಬಹುದು. ಆದ್ದರಿಂದ ಮೌಲ್ಯಮಾಪನಕ್ಕೆ ಮುನ್ನ ಅದು ಯಾವ ಉದ್ದೇಶಕ್ಕೆ ಮತ್ತು ಯಾವ ದಿನಾಂಕಕ್ಕೆ ಬೇಕೆಂಬುದನ್ನು ನಿರ್ಧರಿಸಿಕೊಳ್ಳುವುದು ಅವಶ್ಯ.

(ಅ) ತೆರಿಗೆ: ಕೃಷಿ ಆದಾಯಕ್ಕೆ ಕೇಂದ್ರ ಆದಾಯ ತೆರಿಗೆ ಇರುವುದಿಲ್ಲ. 1-4-2026ರಿಂದ 1961ರ ಕಾಯ್ದೆಯ ಸ್ಥಾನದಲ್ಲಿ ಜಾರಿಗೆ ಬರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ವಿನಾಯಿತಿಯನ್ನು ಮುಂದುವರಿಸಲಾಗಿದೆ. ಆದರೆ ಟ್ರ್ಯಾಕ್ಟರ್ ಅಥವಾ ರಾಶಿ ಯಂತ್ರವನ್ನು ಇತರರ ಹೊಲಗಳಿಗೆ ಬಾಡಿಗೆಗೆ ನೀಡಿ ಪಡೆದ ಹಣ ಕೃಷಿ ಆದಾಯವೆನಿಸುವುದಿಲ್ಲ. ಇಂತಹ ಆದಾಯದ ಲೆಕ್ಕದಲ್ಲಿ ಯಂತ್ರದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರಂತೆ, ಉಳಿದ ಮೌಲ್ಯದ ಮೇಲೆ, ಸವಕಳಿಯನ್ನು ಕಳೆಯಲಾಗುತ್ತದೆ. ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡವರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಸವಕಳಿಯ ಲೆಕ್ಕಕ್ಕೆ ಆಧಾರ ಖರೀದಿ ಬಿಲ್ಲು, ಪೇಟೆಯ ಬೆಲೆಯಲ್ಲ.

(ಆ) ವಿಮೆ: ವಾಹನದ ವಿಮೆಯಲ್ಲಿ ಘೋಷಿತ ಮೌಲ್ಯವನ್ನು ತಯಾರಕರ ಚಾಲ್ತಿ ದರದಿಂದ ವಯಸ್ಸಿಗೆ ತಕ್ಕ ಸವಕಳಿ ಕಳೆದು ನಿಗದಿಪಡಿಸಲಾಗುತ್ತದೆ. 2ರಿಂದ 3 ವರ್ಷದ ವಾಹನಕ್ಕೆ ಶೇ. 30, 3ರಿಂದ 4 ವರ್ಷಕ್ಕೆ ಶೇ. 40, 4ರಿಂದ 5 ವರ್ಷಕ್ಕೆ ಶೇ. 50 ಕಳೆಯಲಾಗುತ್ತದೆ. 5 ವರ್ಷ ಮೀರಿದ ವಾಹನದ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿ ನಿರ್ಧರಿಸತಕ್ಕದ್ದು. ಹಳೆಯ ಟ್ರ್ಯಾಕ್ಟರ್ ಉಳ್ಳವರಿಗೆ ಈ ಹಂತದಲ್ಲಿ ಮೌಲ್ಯಮಾಪನ ವರದಿ ಉಪಯುಕ್ತ.

(ಇ) ಸಾಲ: ಬ್ಯಾಂಕುಗಳು ಮತ್ತು ಸಹಕಾರ ಸಂಘಗಳು ಮಾರುಕಟ್ಟೆ ಮೌಲ್ಯದ ಜೊತೆಗೆ, ತುರ್ತಾಗಿ ಮಾರಬೇಕಾದಲ್ಲಿ ಬರಬಹುದಾದ ಕಡಿಮೆ ಮೌಲ್ಯವನ್ನೂ ಗಮನಿಸುತ್ತವೆ. 1-1-2025ರಿಂದ ರೂ. 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಧಾರ ಭದ್ರತೆ ಪಡೆಯಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ ಸೂಚಿಸಿದೆ.

(ಈ) ವಾರಸಾ ಹಂಚಿಕೆ: ಭಾರತದಲ್ಲಿ ಮೃತರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕವು 1985ರಲ್ಲಿಯೂ, ಸಂಪತ್ತು ತೆರಿಗೆಯು 2016-17ನೇ ಕರನಿರ್ಧಾರಣಾ ವರ್ಷದಿಂದಲೂ ರದ್ದಾಗಿವೆ. ಆದ್ದರಿಂದ ವಾರಸುದಾರರು ಯಂತ್ರದ ಮೌಲ್ಯವನ್ನು ತಿಳಿಯಬೇಕಾಗಿರುವುದು ತೆರಿಗೆಗಾಗಿ ಅಲ್ಲ, ನ್ಯಾಯಯುತ ಪಾಲಿಗಾಗಿ. ಇಲ್ಲಿ ಅನ್ವಯವಾಗುವುದು ಹಂಚಿಕೆಯ ದಿನದ ಮಾರುಕಟ್ಟೆ ಮೌಲ್ಯ.

3. ಉದಾಹರಣೆ

ರೂ. 8,00,000ಕ್ಕೆ ಖರೀದಿಸಿದ, 3 ವರ್ಷ ಪೂರ್ಣಗೊಂಡ ಒಂದು ಟ್ರ್ಯಾಕ್ಟರ್ ಇದೆ ಎಂದು ಭಾವಿಸುವುದು.

– ತೆರಿಗೆ ಲೆಕ್ಕದಲ್ಲಿ 3 ವರ್ಷದ ಸವಕಳಿ ಕಳೆದ ಮೌಲ್ಯ: ರೂ. 4,91,300.
– ಕೃಷಿ ಟ್ರ್ಯಾಕ್ಟರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 22-9-2025ರಿಂದ ಶೇ. 12ರ ಬದಲು ಶೇ. 5 ಆಗಿದೆ. ಇದರಿಂದ ಹೊಸ ಟ್ರ್ಯಾಕ್ಟರಿನ ದರ ರೂ. 7,50,000ಕ್ಕೆ ಇಳಿದಿದ್ದಲ್ಲಿ, ಶೇ. 40 ಕಳೆದ ವಿಮಾ ಮೌಲ್ಯ: ರೂ. 4,50,000.
– ಯಂತ್ರದ ಸ್ಥಿತಿ ನೋಡಿ ಮೌಲ್ಯಮಾಪಕರು ನೀಡಿದ ಮಾರುಕಟ್ಟೆ ಮೌಲ್ಯ: ರೂ. 4,20,000.

ಹೊಸ ಯಂತ್ರದ ದರ ಇಳಿದಾಗ ಹಳೆಯದರ ಬೆಲೆಯೂ ಇಳಿಯುವುದರಿಂದ, ಆ ದಿನಾಂಕಕ್ಕೆ ಹಿಂದಿನ ವರದಿಗಳನ್ನು ಹಾಗೆಯೇ ಬಳಸುವುದು ಸೂಕ್ತವಲ್ಲ.

ಮಾಲೀಕರು ಮರಣಪತ್ರ ಬರೆಯದೆ ನಿಧನರಾಗಿ, ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳು ಇದ್ದು, ರೂ. 1,80,000 ಸಾಲ ಬಾಕಿ ಇದ್ದಲ್ಲಿ, ಹಂಚಿಕೆಗೆ ಉಳಿಯುವುದು ರೂ. 2,40,000. ಅದು ಮೃತರ ಸ್ವಯಾರ್ಜಿತ ಆಸ್ತಿಯಾಗಿದ್ದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರಂತೆ ನಾಲ್ವರಿಗೂ ತಲಾ ರೂ. 60,000. ಉಳುಮೆ ಮಾಡುವ ಮಗ ಟ್ರ್ಯಾಕ್ಟರ್ ಇಟ್ಟುಕೊಂಡು ಸಾಲವನ್ನು ವಹಿಸಿಕೊಂಡರೆ, ಉಳಿದ ಮೂವರಿಗೆ ಒಟ್ಟು ರೂ. 1,80,000 ಕೊಡಬೇಕಾಗುತ್ತದೆ. ತೆರಿಗೆ ಲೆಕ್ಕದ ಮೌಲ್ಯವನ್ನು ಹಿಡಿದರೆ ಆತನಿಗೆ ನಷ್ಟ. ಸಾಲವನ್ನು ಕಳೆದು ಯಂತ್ರ ತೀರ ಹಳೆಯದೆಂದು ಬೆಲೆಯನ್ನೇ ಕಟ್ಟದಿದ್ದರೆ ತಾಯಿ ಮತ್ತು ಸಹೋದರಿಗೆ ನಷ್ಟ.

ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು 2005ರ ತಿದ್ದುಪಡಿಯಿಂದ ದೊರೆತಿದೆ. ತಿದ್ದುಪಡಿಯ ದಿನ ತಂದೆ ಜೀವಂತವಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 11-8-2020ರಂದು ತೀರ್ಪು ನೀಡಿದೆ. ಒಟ್ಟು ಕುಟುಂಬದ ಹಣದಿಂದ ಖರೀದಿಸಿದ ಯಂತ್ರವು ನೋಂದಣಿ ಪತ್ರದಲ್ಲಿ ಒಬ್ಬರ ಹೆಸರಿನಲ್ಲಿ ಇದ್ದ ಮಾತ್ರಕ್ಕೆ ಇತರರ ಹಕ್ಕು ಇಲ್ಲವಾಗುವುದಿಲ್ಲ. ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನಿನ ಪಾಲುಗಳು ಅನ್ವಯಿಸುತ್ತವೆ.

4. ಮೌಲ್ಯಮಾಪನ ಮಾಡುವವರು

– ಕಂಪನಿ ಕಾಯ್ದೆ, 2013ರ ಕಲಂ 247 ಹಾಗೂ 2017ರ ನಿಯಮಗಳಂತೆ ‘ಸ್ಥಾವರ ಮತ್ತು ಯಂತ್ರೋಪಕರಣ’ ವರ್ಗದಲ್ಲಿ ನೋಂದಾಯಿತರಾದ ಮೌಲ್ಯಮಾಪಕರು.
– ಯಂತ್ರಶಾಸ್ತ್ರದಲ್ಲಿ ಅರ್ಹತೆ ಪಡೆದ ಚಾರ್ಟರ್ಡ್ ಇಂಜಿನಿಯರುಗಳು.
– ವಿಮಾ ಹಾನಿಯ ಸಂದರ್ಭದಲ್ಲಿ, ಪರವಾನಗಿ ಪಡೆದ ವಿಮಾ ಸರ್ವೇಯರುಗಳು.

ಸಾಲಕ್ಕಾಗಿ ಆದಲ್ಲಿ, ಸಂಬಂಧಿಸಿದ ಬ್ಯಾಂಕಿನ ಪಟ್ಟಿಯಲ್ಲಿರುವ ಮೌಲ್ಯಮಾಪಕರ ಹೆಸರನ್ನು ಶಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು. ಪಟ್ಟಿಯಲ್ಲಿ ಇಲ್ಲದವರ ವರದಿಯನ್ನು ಬ್ಯಾಂಕ್ ಒಪ್ಪದಿದ್ದಲ್ಲಿ ಶುಲ್ಕ ವ್ಯರ್ಥವಾಗುತ್ತದೆ. ಪಾಲಿನ ದಾವೆ ನ್ಯಾಯಾಲಯದಲ್ಲಿದ್ದರೆ, ಮಾರುಕಟ್ಟೆ ಮೌಲ್ಯ ತಿಳಿಯಲು ನ್ಯಾಯಾಲಯವೇ ಕಮಿಷನರರನ್ನು ನೇಮಿಸಬಹುದು. ಮಾರಾಟಗಾರರು ಅಥವಾ ದಲ್ಲಾಳಿಗಳು ಹೇಳುವ ದರ ಮಾಹಿತಿಗೆ ಮಾತ್ರ ಸೀಮಿತ.

5. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

1) ನೋಂದಣಿ ಪತ್ರ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಇರುವುದರಿಂದ ಅದರ ಪತ್ರವನ್ನೂ ಒದಗಿಸತಕ್ಕದ್ದು.
2) ರೋಟಾವೇಟರ್, ಪಲ್ಟಿ ನೇಗಿಲು, ಕೂರಿಗೆ, ರಾಶಿ ಯಂತ್ರ ಮುಂತಾದವುಗಳ ಖರೀದಿ ಬಿಲ್ಲು. ಇಂತಹ ಉಪಕರಣಗಳಿಗೆ ನೋಂದಣಿ ಪತ್ರ ಇಲ್ಲದಲ್ಲಿ ಮಾಲೀಕತ್ವಕ್ಕೆ ಬಿಲ್ಲೇ ಮುಖ್ಯ ಆಧಾರ.
3) ವಿಮಾ ಪಾಲಿಸಿ, ಸಾಲದ ಬಾಕಿ ಪತ್ರ, ದುರಸ್ತಿ ರಸೀದಿಗಳು.
4) ಸಹಾಯಧನದಲ್ಲಿ ಪಡೆದ ಯಂತ್ರವಾದಲ್ಲಿ ಮಂಜೂರಾತಿ ಪತ್ರ. ಪರಭಾರೆಯ ಷರತ್ತುಗಳಿವೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳುವುದು.

ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದಲ್ಲಿ, ನಮೂನೆ 35ರಲ್ಲಿ ಅದನ್ನು ಮೊದಲು ತೆಗೆಸತಕ್ಕದ್ದು. ಗಜೇಂದ್ರಗಡವು ಹಿಂದೆ ರೋಣ ತಾಲ್ಲೂಕಿನಲ್ಲಿಯೂ, ಗದಗ ಜಿಲ್ಲೆಯು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೂ ಇದ್ದುದರಿಂದ, ಹಳೆಯ ದಾಖಲೆಗಳ ವಿಳಾಸ ಇಂದಿನದಕ್ಕೆ ಹೊಂದದಿರಬಹುದು. ಇದನ್ನು ವರದಿಯಲ್ಲಿ ನಮೂದಿಸುವಂತೆ ಕೋರುವುದು.

6. ಪರಿಶೀಲನೆ ಮತ್ತು ವರದಿ

ಮೌಲ್ಯಮಾಪಕರು ಯಂತ್ರವನ್ನು ಖುದ್ದಾಗಿ ನೋಡಿ, ಚಾಸಿ ಮತ್ತು ಇಂಜಿನ್ ಸಂಖ್ಯೆಗಳನ್ನು ದಾಖಲೆಯೊಂದಿಗೆ ತಾಳೆ ಮಾಡತಕ್ಕದ್ದು. ಗಂಟೆ ಮೀಟರ್, ಇಂಜಿನ್, ಕ್ಲಚ್, ಗೇರ್, ಹೈಡ್ರಾಲಿಕ್ ಮತ್ತು ಟೈರುಗಳ ಸ್ಥಿತಿಯನ್ನು ಚಾಲನೆಯಲ್ಲಿ ಪರೀಕ್ಷಿಸುವುದು ಅಗತ್ಯ. ಯಂತ್ರವನ್ನು ತೊಳೆದು, ಚಾಲೂ ಸ್ಥಿತಿಯಲ್ಲಿ ಇಡುವುದು ಮಾಲೀಕರಿಗೇ ಹಿತ.

ವರದಿಯಲ್ಲಿ ಉದ್ದೇಶ, ಮೌಲ್ಯದ ವಿಧ, ದಿನಾಂಕ, ಪರಿಶೀಲನೆಯ ಸ್ಥಳ, ಛಾಯಾಚಿತ್ರ, ಹೋಲಿಕೆಗೆ ಬಳಸಿದ ದರಗಳು, ಪ್ರತಿ ಉಪಕರಣದ ಪ್ರತ್ಯೇಕ ಮೌಲ್ಯ ಹಾಗೂ ಮೌಲ್ಯಮಾಪಕರ ನೋಂದಣಿ ಸಂಖ್ಯೆ ಮತ್ತು ಸಹಿ ಇರತಕ್ಕದ್ದು. ಶುಲ್ಕವನ್ನು ಮುಂಚಿತವಾಗಿ ಲಿಖಿತದಲ್ಲಿ ಪಡೆಯುವುದು. ಹೆಚ್ಚು ಮೌಲ್ಯ ಬರೆದರೆ ಹೆಚ್ಚು ಶುಲ್ಕ ಎಂಬ ಒಪ್ಪಂದಕ್ಕೆ ಒಳಗಾಗಬಾರದು.

7. ಮಾಲೀಕರು ಮರಣ ಹೊಂದಿದಲ್ಲಿ

ಮರಣದ ವಿಷಯವನ್ನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದ ವಾರಸುದಾರರು, 3 ತಿಂಗಳವರೆಗೆ ವಾಹನವನ್ನು ಬಳಸಬಹುದು. ಅಷ್ಟರಲ್ಲಿ ನಮೂನೆ 31ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ‘ಕೆಎ-26’ ಸಂಖ್ಯೆಯ ವಾಹನಗಳಿಗೆ ಗದಗ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಸಂಪರ್ಕಿಸುವುದು. ವಾರಸಾ ಸಂಬಂಧಿತ ದೃಢೀಕರಣ ಪತ್ರಗಳಿಗೆ ನಾಡಕಛೇರಿಯಲ್ಲಿ ಅರ್ಜಿ ಸಲ್ಲಿಸಬಹುದು. 2021ರ ತಿದ್ದುಪಡಿ ನಿಯಮಗಳಂತೆ ಮಾಲೀಕರು ಜೀವಿತಕಾಲದಲ್ಲಿಯೇ ನೋಂದಣಿ ಪತ್ರದಲ್ಲಿ ನಾಮನಿರ್ದೇಶನ ಮಾಡಿಸಬಹುದಾಗಿದೆ.

8. ಸಾಲ ವಸೂಲಿಯ ಸಂದರ್ಭದಲ್ಲಿ

ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60ರಂತೆ, ಕೃಷಿಕರ ಜೀವನೋಪಾಯಕ್ಕೆ ಅವಶ್ಯವೆಂದು ನ್ಯಾಯಾಲಯ ಅಭಿಪ್ರಾಯಪಟ್ಟ ಒಕ್ಕಲುತನದ ಉಪಕರಣ, ಜಾನುವಾರು ಮತ್ತು ಬಿತ್ತನೆ ಬೀಜಗಳನ್ನು ಜಪ್ತಿ ಮಾಡುವಂತಿಲ್ಲ. 2002ರ ಭದ್ರತಾ ಹಿತಾಸಕ್ತಿ ಜಾರಿ ನಿಯಮಗಳಡಿ ಬ್ಯಾಂಕ್ ವಶಪಡಿಸಿಕೊಂಡ ಚರಾಸ್ತಿಯನ್ನು ಮಾರುವ ಮೊದಲು ಅದರ ಅಂದಾಜು ಮೌಲ್ಯವನ್ನು ಪಡೆಯತಕ್ಕದ್ದು ಮತ್ತು ಸಾಲಗಾರರಿಗೆ 30 ದಿನಗಳ ನೋಟೀಸು ನೀಡತಕ್ಕದ್ದು. ಸಾಲಗಾರರ ಬಳಿ ಇತ್ತೀಚಿನ ಸ್ವತಂತ್ರ ವರದಿ ಇದ್ದಲ್ಲಿ, ಕಡಿಮೆ ಬೆಲೆಯ ಮಾರಾಟಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಲು ಆಧಾರವಾಗುತ್ತದೆ.

ಸೂಚನೆ: ತಕರಾರು ಹುಟ್ಟಿದ ಮೇಲೆ ತರಿಸಿದ ವರದಿಗಿಂತ, ಎಲ್ಲ ಪಾಲುದಾರರ ಸಮ್ಮತಿಯಿಂದ ಮೊದಲೇ ಮಾಡಿಸಿದ ವರದಿಗೆ ಹೆಚ್ಚಿನ ಮನ್ನಣೆ ದೊರೆಯುತ್ತದೆ. ಉಚಿತ ಕಾನೂನು ಸಲಹೆಗೆ ಅರ್ಹರಾದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.