ಪಂದಲೂರಿನ ಹೊನ್ನು, ಕೋಲಾರದ ಹೊನ್ನು

ಮೈಸೂರಿನಿಂದ ಹೊರಟು ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಗೂಡಲೂರನ್ನು ಸೇರಿದ ಪ್ರಯಾಣಿಕನು ಅಲ್ಲಿಂದ ಪಶ್ಚಿಮದ ಕಡೆಗೆ ತಿರುಗಿದರೆ ದೇವಾಲ ಮತ್ತು ಪಂದಲೂರು ಎಂಬ ಎರಡು ಊರುಗಳು ಸಿಕ್ಕುತ್ತವೆ. ಸುತ್ತಲೂ ಚಹದ ತೋಟಗಳು, ನಡುನಡುವೆ ಕಾಡು, ಅದರೊಳಗೆ ಅಲ್ಲಲ್ಲಿ ಪೊದೆ ಮುಚ್ಚಿದ ಸುರಂಗಗಳ ಬಾಯಿಗಳು. ಈ ಸುರಂಗಗಳನ್ನು ತೋಡಿಸಿದವರಾರು, ಏತಕ್ಕಾಗಿ ತೋಡಿಸಿದರು, ಅವರ ಗತಿ ಏನಾಯಿತು ಎಂಬ ವಿಚಾರವು ಗಡಿನಾಡಿನಲ್ಲಿ ನೆಲೆಸಿರುವ ನಮಗೆ ತಿಳಿದಿರತಕ್ಕದ್ದು. ಏಕೆಂದರೆ ಅದು ಕೇವಲ ಹೊನ್ನಿನ ಕಥೆಯಲ್ಲ. ಮನುಷ್ಯನು ತನ್ನ ಬುದ್ಧಿಯ ಮೇಲೆಯೂ ತನ್ನ ಅದೃಷ್ಟದ ಮೇಲೆಯೂ ಇಡುವ ಮಿತಿಮೀರಿದ ನಂಬಿಕೆಯ ಕಥೆ.

ವೈನಾಡಿನ ಮಣ್ಣಿನಲ್ಲಿ ಹೊನ್ನಿದೆಯೆಂಬುದು ಹೊಸ ಸಂಗತಿಯಾಗಿರಲಿಲ್ಲ. ಕುರುಂಬರೂ ಪಣಿಯರೂ ತೊರೆಗಳ ಮರಳನ್ನು ಮರಿಗೆಯಲ್ಲಿ ಜಾಲಾಡಿ, ಬಂಡೆಯ ಸೆಲೆಗಳನ್ನು ಒಡೆದು, ಅಷ್ಟಿಷ್ಟು ಹೊನ್ನನ್ನು ಬಹುಕಾಲದಿಂದ ತೆಗೆಯುತ್ತಿದ್ದರು. ಆದರೆ 1870ರ ದಶಕದಲ್ಲಿ ಕಾಲವು ಬದಲಾಯಿತು. ಆಗ್ನೇಯ ವೈನಾಡಿನ ಐರೋಪ್ಯ ತೋಟಗಾರರು ಕಾಫಿಯನ್ನು ನಂಬಿದ್ದರು. ಕಾಂಡಕೊರಕ ಹುಳುವೂ ಎಲೆರೋಗವೂ ಒಂದರ ಹಿಂದೊಂದು ಬಂದು ಆ ನಂಬಿಕೆಯನ್ನು ಅಲುಗಾಡಿಸಿದವು. ಬೆಳೆಯು ಕೈಕೊಟ್ಟ ತೋಟದ ಅಡಿಯಲ್ಲಿಯೇ ಹೊನ್ನಿದೆಯೆಂದು ಯಾರಾದರೂ ಹೇಳಿದರೆ ಆ ಮಾತು ಯಾರ ಕಿವಿಗೆ ಇಂಪಾಗದು? ಅಂಥ ಮಾತನ್ನು ಹೇಳಬಲ್ಲ ತಜ್ಞನೂ ದೊರೆತನು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ಬ್ರೌ ಸ್ಮಿತ್ ಎಂಬಾತನನ್ನು ಸರಕಾರವು ಕರೆಸಿಕೊಂಡಿತು. 1880ರಲ್ಲಿ ಅವನು ಒಪ್ಪಿಸಿದ ವರದಿಯು ವೈನಾಡಿನ ಸೆಲೆಗಳು ಹಲವು, ಅವುಗಳಲ್ಲಿ ಹೊನ್ನಿದೆ ಎಂಬ ಭರವಸೆಯನ್ನು ಕೊಟ್ಟಿತು.

ಆ ವೇಳೆಗಾಗಲೇ ಲಂಡನ್ ನಗರದ ಷೇರುಪೇಟೆಯಲ್ಲಿ ಭಾರತದ ಹೊನ್ನಿನ ಹುಚ್ಚು ಹಬ್ಬತೊಡಗಿತ್ತು. 1879ರ ಕೊನೆಯಿಂದ 1881ರ ಕೊನೆಯವರೆಗಿನ ಎರಡೇ ವರ್ಷಗಳಲ್ಲಿ ವೈನಾಡಿಗಾಗಿಯೇ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಅವುಗಳ ಘೋಷಿತ ಬಂಡವಾಳವು ಒಟ್ಟು ನಲವತ್ತು ಲಕ್ಷ ಪೌಂಡುಗಳಷ್ಟಿತ್ತು. ಷೇರು ಕೊಂಡವರಲ್ಲಿ ಬಹುಮಂದಿ ಪಂದಲೂರನ್ನು ಕಂಡವರಲ್ಲ. ಕಾಫಿಯ ತೋಟಗಳು ಗಣಿಭೂಮಿಯೆಂಬ ಹೆಸರಿನಲ್ಲಿ ಹಿಂದೆಂದೂ ಇಲ್ಲದ ಬೆಲೆಗೆ ಮಾರಾಟವಾದವು. ಪಂದಲೂರು ನೋಡನೋಡುತ್ತ ಪಟ್ಟಣವಾಯಿತು. ಅಂಗಡಿಗಳೂ ವಸತಿಗೃಹಗಳೂ ಎದ್ದವು. ಕಲ್ಲು ಕುಟ್ಟುವ ಭಾರಿ ಯಂತ್ರಗಳು ಕಡಲನ್ನು ದಾಟಿ ಬಂದು ಘಟ್ಟವನ್ನೇರಿದವು.

ಇಲ್ಲಿಯೇ ಓದುಗರು ಒಂದು ಅಂಶವನ್ನು ಗಮನಿಸಬೇಕು. ಸೆಲೆಯಲ್ಲಿ ಎಷ್ಟು ಹೊನ್ನಿದೆ, ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಸರಿಯಾಗಿ ಪರೀಕ್ಷಿಸುವುದಕ್ಕೆ ಮೊದಲೇ ಯಂತ್ರಗಳು ಬಂದಿದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಮೇಲ್ಪದರದಲ್ಲಿ ಬಿಸಿಲು ಮಳೆಗಳಿಗೆ ಸಿಕ್ಕಿ ಸವೆದ ಬಂಡೆಯಲ್ಲಿ ಹೊನ್ನು ಬಿಡಿಯಾಗಿ ಉಳಿದಿರುತ್ತದೆ. ಅದನ್ನು ಪಾದರಸವು ಸುಲಭವಾಗಿ ಹಿಡಿಯುತ್ತದೆ. ಕೆಳಗಿಳಿದಂತೆ ಅದು ಗಂಧಕ ಬೆರೆತ ಕಬ್ಬಿಣದ ಅದಿರಿನೊಳಗೆ ಸೆರೆಯಾಗಿರುವುದುಂಟು. ಆಗ ಪಾದರಸವು ಸೋಲುತ್ತದೆ. ಮೇಲಿನ ಕಲ್ಲಿನ ತುಣುಕುಗಳನ್ನು ಆರಿಸಿ ಪರೀಕ್ಷಿಸಿದವರು ಇಡೀ ಬೆಟ್ಟವೇ ಹಾಗಿದೆಯೆಂದು ಬಗೆದರು. ಕಲ್ಲನ್ನು ಕುಟ್ಟಿ ನೋಡಿದಾಗ ದೊರೆತ ಹೊನ್ನು ಕೂಲಿಯ ಖರ್ಚಿಗೂ ಸಾಲದಾಯಿತು. ವೈನಾಡಿನ ಚಳಿಜ್ವರವು ಕೆಲಸದವರನ್ನು ಹಣ್ಣುಮಾಡಿತು. ಒಂದೆರಡು ವರ್ಷಗಳಲ್ಲಿ ಷೇರುಗಳ ಬೆಲೆ ಕುಸಿಯಿತು. ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಯಂತ್ರಗಳು ಬಿದ್ದಲ್ಲಿಯೇ ತುಕ್ಕು ಹಿಡಿದವು.

ಇದೆಲ್ಲವೂ ಮೋಸವೆಂದು ಕೆಲವರು ಹೇಳುವುದುಂಟು. ಮೋಸವೂ ಇದ್ದಿತು, ನಿಜ. ಕೂಡಿಸಿದ ಹಣದಲ್ಲಿ ದೊಡ್ಡ ಪಾಲು ಭೂಮಿ ಮಾರಿದವರ ಮತ್ತು ಕಂಪನಿ ಕಟ್ಟಿದವರ ಕೈಸೇರಿ, ಗಣಿ ತೋಡುವುದಕ್ಕೆ ಉಳಿದದ್ದು ಅಲ್ಪ. ಆದರೆ ಮೋಸಗಾರನ ಮಾತು ನಡೆಯಬೇಕಾದರೆ ಅದನ್ನು ನಂಬಲು ಸಿದ್ಧವಾದ ಮನಸ್ಸೊಂದು ಬೇಕಷ್ಟೆ? ಆ ಮನಸ್ಸನ್ನು ಆಡಂ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞನು 1776ರಲ್ಲಿಯೇ ಗುರುತಿಸಿದ್ದನು. ಮನುಷ್ಯರು ತಮ್ಮ ಸಾಮರ್ಥ್ಯವನ್ನು ಇದ್ದುದಕ್ಕಿಂತ ಹೆಚ್ಚಾಗಿ ಎಣಿಸುತ್ತಾರೆ, ಅದಕ್ಕಿಂತಲೂ ಹೆಚ್ಚಾಗಿ ತಮ್ಮ ಅದೃಷ್ಟವನ್ನು ನಂಬುತ್ತಾರೆ ಎಂಬುದು ಅವನ ಅಭಿಪ್ರಾಯ. ಹೊಸ ಬೆಳ್ಳಿ ಬಂಗಾರದ ಗಣಿಗಳನ್ನು ಅರಸುವುದನ್ನು ಅವನು ಲೋಕದಲ್ಲೆಲ್ಲ ಅತ್ಯಂತ ನಷ್ಟದ ಲಾಟರಿಗೆ ಹೋಲಿಸಿದನು. ಅವನ ಗ್ರಂಥವನ್ನು ಓದಿದ ನಗರದಲ್ಲಿಯೇ ನೂರು ವರ್ಷಗಳ ತರುವಾಯ ಪಂದಲೂರಿನ ಷೇರುಗಳು ಮಾರಾಟವಾದವು!

ಈಚಿನ ವಿದ್ವಾಂಸರು ಇದನ್ನೇ ಅಂಕೆಸಂಖ್ಯೆಗಳಿಂದ ತೋರಿಸಿದ್ದಾರೆ. ಕ್ಯಾಮರರ್ ಮತ್ತು ಲೊವಾಲೊ ಎಂಬಿಬ್ಬರು 1999ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಾಣತನಕ್ಕೆ ಬಹುಮಾನವಿದ್ದ ಸ್ಪರ್ಧೆಗೆ ಜನರು ಮೇಲೆಬಿದ್ದು ಸೇರಿದರು. ಸೇರಿದವರಿಗೆಲ್ಲ ಒಟ್ಟಾರೆ ನಷ್ಟವಾದೀತೆಂದು ಅವರಲ್ಲಿ ಬಹುಮಂದಿಗೆ ತಿಳಿದಿತ್ತು. ಆದರೆ ಆ ನಷ್ಟವು ಪಕ್ಕದವನದು, ತನ್ನದಲ್ಲವೆಂದು ಪ್ರತಿಯೊಬ್ಬನೂ ಬಗೆದಿದ್ದನು. ಬಾರ್ಬರ್ ಮತ್ತು ಓಡಿಯನ್ ಎಂಬವರು 1991ರಿಂದ 1996ರವರೆಗೆ ಅಮೆರಿಕದ ಅರುವತ್ತಾರು ಸಾವಿರಕ್ಕೂ ಮಿಕ್ಕ ಕುಟುಂಬಗಳ ಷೇರು ವ್ಯವಹಾರವನ್ನು ಪರಿಶೀಲಿಸಿದರು. ಪೇಟೆಯ ಒಟ್ಟು ಗಳಿಕೆ ವರ್ಷಕ್ಕೆ ನೂರಕ್ಕೆ 17.9ರಷ್ಟಿದ್ದಾಗ, ಎಲ್ಲರಿಗಿಂತ ಹೆಚ್ಚಾಗಿ ಕೊಂಡು ಮಾರಿದವರಿಗೆ ದಕ್ಕಿದ್ದು 11.4 ಮಾತ್ರ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ನೀತಿ ಸುಲಭವಾಗುತ್ತಿತ್ತು. ಆದರೆ ಅದೇ ಹುಚ್ಚಿನ ಕಾಲದಲ್ಲಿ ಅದೇ ಲಂಡನ್ ನಗರದ ಹಣವು ಮೈಸೂರು ಸಂಸ್ಥಾನದ ಕೋಲಾರಕ್ಕೂ ಹರಿದು ಬಂದಿತ್ತು. ಅಲ್ಲಿಯ ಮಣ್ಣಿನಲ್ಲಿ ಹೊನ್ನಿರುವುದನ್ನು ವಾರನ್ ಎಂಬ ಸೈನ್ಯಾಧಿಕಾರಿಯು 1802ರಲ್ಲಿಯೇ ಊರವರ ನೆರವಿನಿಂದ ಕಂಡುಕೊಂಡಿದ್ದನು. 1880ರಲ್ಲಿ ಮೈಸೂರು ಗಣಿ ಕಂಪನಿ ಹುಟ್ಟಿತು. ಮೂರು ವರ್ಷ ತೋಡಿದರೂ ಫಲ ಕಾಣಲಿಲ್ಲ. ಬಂಡವಾಳ ಕರಗಿ ಸುಮಾರು 13,000 ಪೌಂಡು ಮಾತ್ರ ಉಳಿಯಿತು. ಮುಚ್ಚಿಬಿಡೋಣವೆಂದು ಪಾಲುದಾರರಲ್ಲಿ ಅನೇಕರು ಹೇಳಿದರು. ಜಾನ್ ಟೇಲರ್ ಸಂಸ್ಥೆಯವರು ಉಳಿದ ಹಣದಿಂದ ಇನ್ನೊಮ್ಮೆ ಪ್ರಯತ್ನಿಸೋಣವೆಂದರು. ಪ್ಲಮ್ಮರ್ ಎಂಬ ಗಣಿಗಾರನು ಪ್ರಾಚೀನರು ತೋಡಿ ಬಿಟ್ಟಿದ್ದ ಕುಳಿಗಳ ಜಾಡನ್ನು ಹಿಡಿದು ಆಳಕ್ಕಿಳಿದನು. 1884-85ರ ಹೊತ್ತಿಗೆ ಚಾಂಪಿಯನ್ ಸೆಲೆಯು ದೊರೆಯಿತು. ಮುಚ್ಚುವ ಸ್ಥಿತಿಯಲ್ಲಿದ್ದ ನೆರೆಯ ಗಣಿಗಳೂ ಚೇತರಿಸಿಕೊಂಡವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಆ ಗಣಿಗಳಿಗೆ ಹರಿಯಿತು. 2001ರಲ್ಲಿ ಮುಚ್ಚುವವರೆಗೆ ಕೋಲಾರದ ನೆಲವು ಹೊನ್ನನ್ನು ಕೊಟ್ಟಿತು.

ಎಡವುವುದು ಇಲ್ಲಿಯೇ. ಧೈರ್ಯ ಬಿಡದವನಿಗೆ ಲಕ್ಷ್ಮಿ ಒಲಿಯುತ್ತಾಳೆ, ಕೋಲಾರವನ್ನು ನೋಡಿರಿ ಎಂದು ಜನ ಹೇಳುತ್ತಾರೆ. ಆದರೆ ಪಂದಲೂರಿನವರಿಗೆ ಧೈರ್ಯವು ಕಡಿಮೆಯಾಗಿತ್ತೆ? ಎರಡೂ ಕಡೆ ಇದ್ದ ಆತ್ಮವಿಶ್ವಾಸ ಒಂದೇ ತೂಕದ್ದು. ಬೇರೆಯಾಗಿದ್ದುದು ನೆಲದೊಳಗಿನ ಬಂಡೆ. ಅದು ಯಾರ ವಿಶ್ವಾಸವನ್ನೂ ಕೇಳಿ ಹೊನ್ನನ್ನು ಹಡೆಯಲಿಲ್ಲ. ಗೆದ್ದ ಕೋಲಾರ ಎಲ್ಲರ ಬಾಯಲ್ಲಿದೆ. ಸೋತ ಮೂವತ್ತು ಕಂಪನಿಗಳ ಹೆಸರನ್ನು ಬಲ್ಲವರಿಲ್ಲ. ಗೆದ್ದವರನ್ನಷ್ಟೇ ಎಣಿಸುವವನಿಗೆ ಎಲ್ಲ ಸಾಹಸವೂ ಗೆಲುವಾಗಿಯೇ ಕಾಣುತ್ತದೆ. ಕೋಲಾರದಿಂದ ಕಲಿಯಬೇಕಾದುದೇನಾದರೂ ಇದ್ದರೆ ಅದು ಟೇಲರರ ಛಲವಲ್ಲ, ಅವರ ಲೆಕ್ಕ. ಹೋದರೆ ಎಷ್ಟು ಹೋದೀತೆಂಬುದು ಅವರಿಗೆ ಮೊದಲೇ ತಿಳಿದಿತ್ತು.

ಇದು ಹಳೆಯ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಬಿರುಗಾಳಿ ಬಡಿದು ವೆನಿಲ್ಲಾ ಬೆಳೆ ನಾಶವಾದ ಮೇಲೆ, ಮಲೆನಾಡಿನಲ್ಲಿಯೂ ಕೇರಳದಲ್ಲಿಯೂ ಎಷ್ಟು ಮಂದಿ ಇದ್ದ ಬೆಳೆಯನ್ನು ಬಿಟ್ಟು ವೆನಿಲ್ಲಾ ಬಳ್ಳಿಯನ್ನು ಹಬ್ಬಿಸಿದರು! ಕೆಲವೇ ವರ್ಷಗಳಲ್ಲಿ ಬೆಲೆಯು ನೆಲಕಚ್ಚಿತು. ಅಂದು ಸಾಲ ಮಾಡಿ ಬಳ್ಳಿ ಕೊಂಡವರು ಮೂಢರಲ್ಲ. ಬೆಲೆ ಇಳಿಯುವ ಮುನ್ನ ತಾನು ಹೊರಬರುವೆನೆಂದು ನಂಬಿದವರು. ಇನ್ನು ದೇವಾಲದ ಹಳೆಯ ಸುರಂಗಗಳಿಗೆ ಕದ್ದು ಇಳಿದು ಹೊನ್ನನ್ನು ಅರಸುವ ಬಡವರ ಪಾಡಂತೂ ದಾರುಣ. ಮಣ್ಣು ಕುಸಿದು, ಉಸಿರು ಕಟ್ಟಿ ಈ ನಮ್ಮ ಕಾಲದಲ್ಲಿಯೂ ಅಲ್ಲಿ ಸತ್ತವರಿದ್ದಾರೆ. ಲಂಡನ್ನಿನವನು ಹಣವನ್ನಷ್ಟೇ ಕಳೆದುಕೊಂಡನು.

ಸಾಹಸವಿಲ್ಲದೆ ಬಾಳಿಲ್ಲ. ಗಡಿ ದಾಟಿ ಬಂದು ಈ ನೆಲದಲ್ಲಿ ಮನೆ ಕಟ್ಟಿದ ನಮ್ಮ ಹಿರಿಯರೂ ಸಾಹಸಿಗಳೇ. ಆದರೆ ಭೂಮಿ ಕೊಳ್ಳುವ ಮುನ್ನ, ಹೊಸ ಬೆಳೆ ಹಾಕುವ ಮುನ್ನ, ಕೂಡಿಟ್ಟ ಹಣವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಮುನ್ನ, ಮನೆಯವರೆಲ್ಲ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದೇ ಕೆಲಸಕ್ಕೆ ಕೈಹಾಕಿದವರಲ್ಲಿ ಸೋತವರೆಷ್ಟು ಮಂದಿ? ಅವರಿಗಿಂತ ನಾವು ಮೇಲೆಂದು ಹೇಳಲು ಆಧಾರವೇನು? ಹಣವೆಲ್ಲ ಹೋದರೂ ಮಕ್ಕಳ ಓದು, ಮನೆಯ ಒಲೆ ನಡೆದಾವೆ? ಈ ಮೂರಕ್ಕೂ ಉತ್ತರವಿದ್ದವನು ಸಾಹಸಿ. ಇಲ್ಲದವನು ಪಂದಲೂರಿನ ಪಾಲುದಾರ.